ಯಾರ ಅಪ್ಪಣೆ ಕೇಳಿ ಬಂದಿರಿ?

ಹೊರದೇಶದಿಂದ ಬಂದು ಎಚ್.ಡಿ. ಕೋಟೆ, ಸರಗೂರು ಕಡೆಯ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಒಂದಷ್ಟು ಕಾಲ ದುಡಿಯುತ್ತೇವೆ ಎನ್ನುವ ಹುಡುಗ ಹುಡುಗಿಯರ ಕಾಗದಪತ್ರ ನೋಡಿಕೊಳ್ಳುವುದು ನನ್ನ ಉದ್ಯೋಗ. ಸ್ವಯಂಸೇವಾ ಸಂಸ್ಥೆಯೊಂದರ ಕಚೇರಿಯಲ್ಲಿ ಈ ಮೇಜಿನ ಹಿಂದೆ ಕೂತೇ ನನ್ನ ಕೂದಲು ನೆರೆತಿದೆ. ನಮ್ಮ ಭಾಗಕ್ಕೆ ಇಂಥವರು ಬರುವುದು ಹೊಸತೇನಲ್ಲ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿಕೊಂಡು, ಮುಂದೆ ಎಚ್.ಡಿ. ಕೋಟೆಯ ಕಾಡಂಚಿಗೆ ಬಂದರು. ಆ ಸಂಸ್ಥೆಯ ಜೊತೆ ಕಲಿಯಲು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಬಂದು ಹೋಗಿದ್ದಾರೆ. ಜರ್ಮನಿಯ ಸರ್ಕಾರ 2008ರಲ್ಲಿ ವೆಲ್ಟ್‌ವೆರ್ಟ್ಸ್ ಎಂಬ ಯೋಜನೆ ಆರಂಭಿಸಿ ತನ್ನ ಯುವಕ ಯುವತಿಯರನ್ನು ಬೇರೆ ದೇಶಗಳ ಹಳ್ಳಿ ಪೇಟೆಗಳಿಗೆ ಸೇವೆಗೆಂದು ಕಳಿಸತೊಡಗಿತು.

ಹೀಗೆ ಬರುವವರಲ್ಲಿ ಹೆಚ್ಚಿನವರು ನನ್ನ ಮೇಜಿನ ಮುಂದೆ ಕೂತು ಕೇಳುವ ಪ್ರಶ್ನೆ ಒಂದೇ. ನಾನು ಸಂಬಳ ಕೇಳುತ್ತಿಲ್ಲ, ಯಾರ ಕೆಲಸವನ್ನೂ ಕಿತ್ತುಕೊಳ್ಳುತ್ತಿಲ್ಲ, ಒಳ್ಳೆಯದನ್ನು ಮಾಡಲು ಬಂದಿದ್ದೇನೆ, ಅದಕ್ಕೇಕೆ ಇಷ್ಟು ಅನುಮತಿ? ಪ್ರಶ್ನೆ ಬೇಸರದಿಂದ ಹುಟ್ಟಿದ್ದೇ ಹೌದು. ಆದರೂ ಬೇಸರದ ಮಾತೆಂದು ತಳ್ಳಿಹಾಕುವಂಥದ್ದಲ್ಲ. ಮನುಷ್ಯ ಇನ್ನೊಬ್ಬರ ನೆಲದಲ್ಲಿ ಕೆಲಸ ಮಾಡುವುದಕ್ಕೆ ಯಾರ ಅಪ್ಪಣೆ ಬೇಕು, ಬೇಕಾದರೆ ಯಾಕೆ ಬೇಕು, ಆ ಅಪ್ಪಣೆಯನ್ನು ಕೊಡದಿರುವ ಹಕ್ಕು ಯಾರಿಗಿದೆ ಎಂಬುದು ನನ್ನ ಮಟ್ಟಿಗೆ ಧರ್ಮದ ಪ್ರಶ್ನೆ. ಅದನ್ನು ಹಾಗೆಯೇ ಇಟ್ಟುಕೊಂಡು ಯೋಚಿಸುತ್ತಾ ಬಂದಿದ್ದೇನೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಭಾರತದಲ್ಲಿ ಉದ್ಯೋಗ ವೀಸಾ ಬೇಕೆಂದರೆ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಹೆಚ್ಚು ಸಂಬಳದ ಕೆಲಸ ಇರಬೇಕು. ಇಲ್ಲಿಯೇ ಅರ್ಹ ಜನ ಧಾರಾಳವಾಗಿ ಸಿಗುವಂಥ ಕೆಲಸಕ್ಕೆ ಆ ವೀಸಾ ಕೊಡುವುದಿಲ್ಲ. ಸ್ವಯಂಸೇವಾ ಸಂಸ್ಥೆಗೆ ಬರುವವರಿಗೆ ಸಂಬಳದ ಮಟ್ಟಿಗೆ ವಿನಾಯಿತಿ ಇದೆ. ಅವರು ತಿಂಗಳಿಗೆ ಹತ್ತು ಸಾವಿರ ರೂಪಾಯಿ ಮೀರದ ಗೌರವಧನ ಪಡೆಯಬಹುದು. ಆದರೆ ವೀಸಾದ ಮೇಲೆಯೇ ಸಂಸ್ಥೆಯ ಹೆಸರನ್ನೂ ಕೆಲಸದ ಸ್ಥಳವನ್ನೂ ಬರೆದಿರುತ್ತಾರೆ. ಕೋಟೆ ಎಂದು ಬರೆಸಿಕೊಂಡವರು ತಮಗಿಷ್ಟ ಬಂದಂತೆ ಹುಣಸೂರಿಗೆ ಹೋಗಿ ದುಡಿಯುವಂತಿಲ್ಲ. 180 ದಿನ ಮೀರಿ ಉಳಿಯುವ ವೀಸಾ ಆದರೆ ಬಂದ 14 ದಿನದೊಳಗೆ ನೋಂದಣಿ ಆಗಬೇಕು. 2018ರಿಂದೀಚೆಗೆ ಅದೆಲ್ಲ ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಅವರನ್ನು ಯಾರು ಮನೆಯಲ್ಲಿ ಇಟ್ಟುಕೊಳ್ಳುತ್ತಾರೋ ಅವರು 24 ಗಂಟೆಯೊಳಗೆ ಒಂದು ಫಾರಂ ತುಂಬಿ ತಿಳಿಸಬೇಕು. ಸರಗೂರಿನಲ್ಲಿ ಒಬ್ಬ ವಿಧವೆ ತನ್ನ ಮನೆಯ ಮುಂದಿನ ಕೋಣೆಯನ್ನು ಇಂಥವರಿಗೆ ಬಾಡಿಗೆ ಕೊಡುತ್ತಾರೆ. ಆಕೆಯ ಪರವಾಗಿ ಆ ಫಾರಂ ತುಂಬುವುದೂ ನಾನೇ. ಪಾಸ್‌ಪೋರ್ಟಿನ ಸಂಖ್ಯೆಯನ್ನು ನಾನು ಓದಿ ಹೇಳುವಾಗ ಆಕೆ ಬೆರಳಿಟ್ಟು ಒಂದೊಂದೇ ಅಂಕಿ ನೋಡುತ್ತಾರೆ, ಆಮೇಲೆ ಬಾಡಿಗೆಗೆ ಬಂದ ಹುಡುಗಿಯ ಕಡೆ ತಿರುಗಿ, "ಸೊಪ್ಪು ಸಾರು ತಿಂತೀಯೇನವ್ವ?" ಎನ್ನುತ್ತಾರೆ.

ನನ್ನ ಪಕ್ಕದ ಮೇಜಿನ ಸಹೋದ್ಯೋಗಿ ಬಸವ ಧರ್ಮದಲ್ಲಿ ದೃಢವಾದ ನಂಬಿಕೆ ಇಟ್ಟವರು. ಕಾಯಕವನ್ನೇ ಪೂಜೆ ಎಂದು ತಿಳಿದವರು. ಅವರು ಒಂದು ಸಲ ನನ್ನನ್ನು ಕೇಳಿದರು: "ಪೂಜೆ ಮಾಡೋಕೆ ಪರ್ಮಿಟ್ ಬೇಕೇನ್ರೀ ಮೇಡಂ?" ನಾನು ಅವರಿಗೆ ಹೇಳಿದ್ದು, ನಿಮ್ಮ ಊರಲ್ಲೇ ನೋಡಿ ಎಂದು. ಅವರದು ಹುಣಸೂರಿನ ಹತ್ತಿರದ ಹಳ್ಳಿ, ಹೊಗೆಸೊಪ್ಪಿನ ಸೀಮೆ. ತಂಬಾಕು ಮಂಡಳಿಯ ಲೈಸೆನ್ಸ್ ಇಲ್ಲದೆ ಎಲೆ ಹದಮಾಡುವ ಬ್ಯಾರನ್ ನಡೆಸುವಂತಿಲ್ಲ. ಎಷ್ಟು ಕೆಜಿ ಮಾರಬಹುದು ಎಂಬುದಕ್ಕೂ ಮಿತಿ ಇದೆ. ಸ್ವಂತ ಹೊಲ, ಸ್ವಂತ ಬೆವರು, ಆದರೂ ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೆ ಬೇಲು ಒಯ್ಯಬೇಕಾದರೆ ಕಾರ್ಡು ಇರಲೇಬೇಕು. ಅವರು ಒಪ್ಪಲಿಲ್ಲ. ಅದು ವ್ಯಾಪಾರ, ಇದು ಸೇವೆ ಎಂದರು. ಸೇವೆಗೆ ಅಪ್ಪಣೆ ಬೇಡ ಎಂಬ ಮಾತು ನನಗೆ ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಅದಕ್ಕೆ ಕಾರಣ ನಾನು ಬೆಳೆದ ಮನೆ.

ನಾನು ಹುಟ್ಟಿದ್ದು ಸಾಲಿಗ್ರಾಮದ ಜೈನರ ಮನೆಯಲ್ಲಿ. ಆಗ ಅದು ಕೆ.ಆರ್. ನಗರ ತಾಲ್ಲೂಕು, ಈಗ ಸಾಲಿಗ್ರಾಮವೇ ತಾಲ್ಲೂಕಾಗಿದೆ. ಭಾದ್ರಪದ ಶುದ್ಧ ಪಂಚಮಿಯಿಂದ ಹತ್ತು ದಿನ ದಶಲಕ್ಷಣ ಪರ್ವ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರಕ್ಕೆ ಹತ್ತೇ ಅಧ್ಯಾಯ, ದಿನಕ್ಕೊಂದರಂತೆ ಬಸದಿಯಲ್ಲಿ ಅರ್ಥ ಹೇಳುತ್ತಿದ್ದರು. ಏಳನೆಯ ದಿನ ವ್ರತಗಳ ಅಧ್ಯಾಯ. ನಮ್ಮ ಅಜ್ಜಿ ಉಪವಾಸದಲ್ಲಿ ಬಾಡಿಹೋಗಿದ್ದರೂ ಆ ದಿನ ಮಾತ್ರ ಮಕ್ಕಳನ್ನೆಲ್ಲ ಎಳೆದುಕೊಂಡು ಹೋಗಿ ಮುಂದೆ ಕೂರಿಸುತ್ತಿದ್ದರು. ಕಳ್ಳತನ ಮಾಡಬಾರದು ಎಂಬ ವ್ರತವನ್ನು ಪಂಡಿತರು ವಿವರಿಸುವಾಗ, ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದೆಲ್ಲ ಕಳ್ಳತನವೇ ಎನ್ನುತ್ತಿದ್ದರು. ಮುನಿಯಾದವನಿಗೆ ಒಂದು ಹುಲ್ಲುಕಡ್ಡಿಯೂ ಹಾಗೇ, ಒಂದು ರಾತ್ರಿ ಮಲಗುವ ಜಾಗವೂ ಹಾಗೇ. ಬೌದ್ಧರ ಐದು ಶೀಲಗಳಲ್ಲಿ ಎರಡನೆಯದೂ ಇದೇ. ಬೈಲಕುಪ್ಪೆಯ ಟಿಬೆಟಿಯನ್ ಭಿಕ್ಷುವೊಬ್ಬರ ಜೊತೆ ಈ ಮಾತು ಬಂದಾಗ ಅವರು ಬಹಳ ಸಂತೋಷಪಟ್ಟು, ಇದರಲ್ಲಿ ನಾವು ಒಂದೇ ಮನೆಯವರು ಎಂದರು.

ಜಾಗದಲ್ಲಿ ಉಳಿಯುವುದನ್ನು ಕಳ್ಳತನದ ವ್ರತಕ್ಕೆ ಸೇರಿಸಿದ್ದು ನನಗೆ ಆಗ ವಿಚಿತ್ರವಾಗಿ ಕಂಡಿತ್ತು. ಸೇವೆಯ ವಿಷಯ ಯೋಚಿಸುವಾಗಲೆಲ್ಲ ಈಗ ಅದೇ ನೆನಪಿಗೆ ಬರುತ್ತದೆ. ಇನ್ನೊಬ್ಬರ ಊರಿಗೆ ಹೋಗಿ ಒಳ್ಳೆಯದನ್ನು ಮಾಡುವವನೂ ಅಲ್ಲಿಂದ ಏನನ್ನೋ ತೆಗೆದುಕೊಳ್ಳುತ್ತಲೇ ಇರುತ್ತಾನೆ. ಅಲ್ಲಿನ ಮಕ್ಕಳ ಸಮಯ, ಹೆಂಗಸರ ಮಾತು, ಅವರ ಕಷ್ಟದ ಕಥೆ, ಮುಖದ ಚಿತ್ರ, ತನ್ನ ಮುಂದಿನ ಓದಿಗೆ ಬೇಕಾದ ಅನುಭವ. ಇವೆಲ್ಲ ಕೊಟ್ಟರೆ ಮಾತ್ರ ತೆಗೆದುಕೊಳ್ಳಬಹುದಾದ ವಸ್ತುಗಳು. ಸಂಬಳ ಬೇಡ ಎಂದ ಮಾತ್ರಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂದಾಗುವುದಿಲ್ಲ.

ಶ್ವೇತಾಂಬರರ ಆಗಮವಾದ ಆಚಾರಾಂಗವನ್ನು ನಾನು ಓದಿದ್ದು ಬಹಳ ತಡವಾಗಿ. ನಾವು ದಿಗಂಬರರು, ನಮ್ಮ ಮನೆಗಳಲ್ಲಿ ಅದನ್ನು ಓದುವ ಪದ್ಧತಿಯಿಲ್ಲ. ಅದರ ಎರಡನೆಯ ಭಾಗದಲ್ಲಿ ಮುನಿ ಒಂದು ಜಾಗದಲ್ಲಿ ತಂಗುವ ಮೊದಲು ಅಪ್ಪಣೆ ಕೇಳುವ ಬಗೆಯನ್ನು ಕುರಿತೇ ಒಂದು ಅಧ್ಯಯನವಿದೆ. ಎಷ್ಟು ಜಾಗ, ಎಷ್ಟು ಕಾಲ ಎಂದು ಒಡೆಯನನ್ನು ಕೇಳಿ, ಅವನು ಒಪ್ಪಿದಷ್ಟರಲ್ಲೇ ಇದ್ದು, ಮುಗಿದ ಮೇಲೆ ಹೊರಡಬೇಕು. ವೀಸಾದ ಮೇಲೆ ಸ್ಥಳವನ್ನೂ ಅವಧಿಯನ್ನೂ ಬರೆಯುವ ಪದ್ಧತಿಯನ್ನು ದಿನವೂ ನೋಡುವ ನನಗೆ ಅದನ್ನು ಓದುವಾಗ ಮೈ ಜುಮ್ಮೆಂದಿತು. ಅಲ್ಲಿ ಅಪ್ಪಣೆ ಐದು ಬಗೆ. ದೇವೇಂದ್ರನದು, ಅರಸನದು, ಗೃಹಪತಿಯದು, ತಂಗಲು ಮನೆ ಕೊಟ್ಟವನದು, ಮೊದಲೇ ಅಲ್ಲಿ ನೆಲೆಸಿರುವ ಸಹಧರ್ಮಿಗಳದು. ನಮ್ಮ ಸರ್ಕಾರದ ವೀಸಾ ಈ ಐದರಲ್ಲಿ ಒಂದು, ಅರಸನದು. ಮನೆ ಕೊಟ್ಟವರದು ಆ 24 ಗಂಟೆಯ ಫಾರಂ ರೂಪದಲ್ಲಿ ಹೇಗೋ ಬಂದುಬಿಡುತ್ತದೆ. ಮಿಕ್ಕ ಮೂರನ್ನು ಕೇಳುವ ಫಾರಂ ಯಾವ ಕಚೇರಿಯಲ್ಲೂ ಇಲ್ಲ.

ಆ ಮೂರರ ವಿಷಯವನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು.

ಕೋಟೆ ತಾಲ್ಲೂಕಿನ ಜೇನುಕುರುಬ ಬುಡಕಟ್ಟಿನ ಹಾಡಿಯೊಂದಕ್ಕೆ ಬೇರೆ ಕಡೆಯಿಂದ ಒಂದು ತಂಡ ಬಂದಿತ್ತು. ಅದರಲ್ಲಿ ಇಬ್ಬರು ವಿದೇಶಿ ವಿದ್ಯಾರ್ಥಿಗಳು. ಅರಣ್ಯ ಇಲಾಖೆಯ ಅನುಮತಿ ಇತ್ತು, ವೀಸಾ ಸರಿಯಾಗಿತ್ತು. ಮಕ್ಕಳ ತೂಕ, ಎತ್ತರ, ತೋಳಿನ ಸುತ್ತಳತೆ ಅಳೆಯುವ ಕೆಲಸ. ತಕ್ಕಡಿಯನ್ನು ಹುಣಸೆ ಮರದ ಕೊಂಬೆಗೆ ಕಟ್ಟಿ ಒಂದು ಮಗುವನ್ನು ಜೋಲಿಯಲ್ಲಿ ಕೂರಿಸಿದ್ದರು. ಹಾಡಿಯ ಯಜಮಾನ ಕೆಲಸ ಮುಗಿಸಿ ಬಂದವರು ದೂರದಲ್ಲೇ ನಿಂತು ನೋಡಿದರು. ವಯಸ್ಸಾದವರು, ಕೊಡಗಿನ ತೋಟದಲ್ಲಿ ಮೆಣಸು ಕೊಯ್ದ ಕೈ. ಹತ್ತಿರ ಬಂದು ಜೋಲಿಯನ್ನು ಹಿಡಿದು ನಿಲ್ಲಿಸಿ ಕೇಳಿದರು: "ಯಾರ್ನ ಕೇಳ್ಕಂಡು ಬಂದ್ರಿ?" ತಂಡದವರು ಫೈಲು ತೆಗೆದು ಇಲಾಖೆಯ ಪತ್ರ ತೋರಿಸಿದರು. ಅವರು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಕಾಡು ಅವರ್ದು ಅಂತಾರೆ, ಇರ್ಲಿ. ಮಕ್ಳು ಯಾರ್ದು?" ಎಂದರು. ನಾನು ಅಲ್ಲಿದ್ದೆ, ಬೇರೆ ಕೆಲಸಕ್ಕೆಂದು ಹೋಗಿದ್ದೆ. ಆಚಾರಾಂಗ ಹೇಳುವ ಗೃಹಪತಿಯನ್ನು ನಾನು ಕಣ್ಣಾರೆ ಕಂಡದ್ದು ಅಂದು.

ಆ ಮನುಷ್ಯನ ಹಿಂದೆ ಒಂದು ಚರಿತ್ರೆಯೇ ಇದೆ. 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಾಗ ಹಳ್ಳಿಗಳೂ ಹಾಡಿಗಳೂ ನೀರಿನ ಪಾಲಾದವು. ಅದಕ್ಕೂ ಮೊದಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಆಮೇಲೆ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, ಹುಲಿ ಮೀಸಲು ಆಯಿತು. ಜೇನು ಕೀಳಲು ಅಪ್ಪಣೆ, ಗೆಡ್ಡೆ ಅಗೆಯಲು ಅಪ್ಪಣೆ, ಸತ್ತ ಹಿರಿಯರ ಗುಡಿಗೆ ಹೋಗಲು ಅಪ್ಪಣೆ. ಎಲ್ಲರಿಗಿಂತ ಮೊದಲು ಅಲ್ಲಿದ್ದವರು ಎಲ್ಲರನ್ನೂ ಕೇಳಬೇಕಾಯಿತು, ಅವರನ್ನು ಕೇಳುವವರು ಯಾರೂ ಇರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಒಂದು ಸ್ಥಾನ ಕೊಟ್ಟಿತು. ಆ ಸ್ಥಾನ ಕಾಗದದಿಂದ ಇಳಿದು ನೆಲ ಮುಟ್ಟಲು ಇನ್ನೂ ಹೆಣಗುತ್ತಿದೆ. ಇಷ್ಟಾದರೂ ಜೇನಿಗೆ ಹೋಗುವ ಮೊದಲು ಅವರು ತಮ್ಮ ದೇವರನ್ನು ಕೇಳಿಯೇ ಹೋಗುತ್ತಾರೆ. ಮರದ ಬುಡದಲ್ಲಿ ಪೂಜೆ ಮಾಡದೆ ಮರ ಹತ್ತುವುದಿಲ್ಲ. ಐದು ಅಪ್ಪಣೆಗಳಲ್ಲಿ ಮೊದಲನೆಯದನ್ನು ಇಂದಿಗೂ ತಪ್ಪದೆ ಕೇಳುವವರು ಅವರೇ.

ಕೊನೆಯದು ಸಹಧರ್ಮಿಗಳ ಅಪ್ಪಣೆ. ಮುನಿಯ ಮಟ್ಟಿಗೆ ಅವರು ಅದೇ ವ್ರತ ಹಿಡಿದ ಇತರ ಮುನಿಗಳು. ನಮ್ಮ ವಿಷಯದಲ್ಲಿ ಅದೇ ಕೆಲಸ ಮಾಡುತ್ತಿರುವ ಊರಿನವರು ಎಂದು ನಾನು ತಿಳಿಯುತ್ತೇನೆ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಹಾಡಿಯಲ್ಲೇ ಹುಟ್ಟಿ ಡಿ.ಎಡ್. ಮುಗಿಸಿ ಕೆಲಸ ಸಿಗದೆ ಶುಂಠಿ ಹೊಲಕ್ಕೆ ಕೂಲಿಗೆ ಹೋಗುವ ಹುಡುಗಿ. ಬಿಳಿಯ ಹುಡುಗನೊಬ್ಬ ಉಚಿತವಾಗಿ ಪಾಠ ಹೇಳುವ ಶಾಲೆಯಲ್ಲಿ ಈ ಹುಡುಗಿಗೆ ಸಂಬಳ ಕೊಟ್ಟು ಕೂರಿಸಿಕೊಳ್ಳುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಇಲ್ಲಿ ಸಿಗುವ ಕೆಲಸಗಾರರ ಬದಲಿಗೆ ಹೊರಗಿನವರನ್ನು ತರಬೇಡಿ ಎನ್ನುವ ಸರ್ಕಾರದ ನಿಯಮವನ್ನು ನಾನು ಈ ಹುಡುಗಿಯ ಮುಖ ನೆನೆದು ಗೌರವಿಸುತ್ತೇನೆ. ಸೇವೆಯ ಹೆಸರಿನಲ್ಲಿ ಸಂಬಳದ ಮಟ್ಟಿಗೆ ಕೊಟ್ಟ ವಿನಾಯಿತಿಯೇ ನನಗೆ ಹೆಚ್ಚು ಚಿಂತೆಯ ವಿಷಯ.

ಇಲ್ಲಿಯವರೆಗೆ ಬರುವವರ ಧರ್ಮವಾಯಿತು. ಅಪ್ಪಣೆ ಕೊಡುವವರಿಗೂ ಒಂದು ಧರ್ಮವಿದೆ. ಅದೂ ನಮ್ಮ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲೇ ಇದೆ. ಕಳ್ಳತನ ಬಿಡುವ ವ್ರತವನ್ನು ಗಟ್ಟಿ ಮಾಡುವ ಐದು ಭಾವನೆಗಳಲ್ಲಿ ಒಂದಕ್ಕೆ ಪರೋಪರೋಧಾಕರಣ ಎಂದು ಹೆಸರು. ನೀನು ತಂಗಿರುವ ಜಾಗಕ್ಕೆ ಇನ್ನೊಬ್ಬ ಬಂದರೆ ಅವನನ್ನು ತಡೆಯಬೇಡ ಎಂಬುದು ಅದರ ತಾತ್ಪರ್ಯ. ಗುಹೆಯಲ್ಲಿ ಮೊದಲು ಬಂದು ಕೂತ ಮುನಿಗೆ ಗುಹೆ ತನ್ನದೆನ್ನುವ ಹಕ್ಕಿಲ್ಲ. ಕೇಳದೆ ನುಗ್ಗುವುದು ಹೇಗೆ ಕಳ್ಳತನವೋ, ಇನ್ನೊಬ್ಬರು ನಿಲ್ಲಬಹುದಾದ ಜಾಗವನ್ನು ಅಡ್ಡಗಟ್ಟುವುದೂ ಹಾಗೆಯೇ ಕಳ್ಳತನ. ಪಂಡಿತರು ಇದನ್ನು ಹೇಳಿ ಬೇಗ ಮುಂದೆ ಹೋಗುತ್ತಿದ್ದರು. ನಮ್ಮ ಅಜ್ಜಿ ಮಾತ್ರ ಮನೆಗೆ ಬಂದು ಜಗಲಿಯ ಮೇಲೆ ಕಾಲು ಚಾಚಿ ಮಲಗಿದ್ದ ನಮ್ಮನ್ನು ಎಬ್ಬಿಸಿ, ದಾರಿಯಲ್ಲಿ ಹೋಗುವವರು ಕೂರಲು ಜಾಗ ಬಿಡಿ ಎನ್ನುತ್ತಿದ್ದರು.

ಕೇಳದೆ ನುಗ್ಗಬೇಡ, ಬರುವವನನ್ನು ತಡೆಯಬೇಡ ಎಂಬ ಈ ಎರಡು ಮಾತುಗಳ ನಡುವೆಯೇ ಈ ಸೀಮೆಯ ಚರಿತ್ರೆಯೆಲ್ಲ ನಡೆದಿದೆ. ಉತ್ತರದಲ್ಲಿ ಬರ ಬಿದ್ದಾಗ ಭದ್ರಬಾಹುವಿನ ಸಂಘ ದಕ್ಷಿಣದ ಪುನ್ನಾಟಕ್ಕೆ ಹೋಯಿತೆಂದು ಹರಿಷೇಣನ ಬೃಹತ್ಕಥಾಕೋಶ ಹೇಳುತ್ತದೆ. ಪುನ್ನಾಟದ ರಾಜಧಾನಿ ಕೀರ್ತಿಪುರವೆಂದರೆ ಇದೇ ಕೋಟೆ ತಾಲ್ಲೂಕಿನ ಕಿತ್ತೂರು. ಅಂದರೆ ನಮ್ಮವರು ಈ ನೆಲಕ್ಕೆ ಬಂದದ್ದೇ ಹಸಿದು, ಹೊರಗಿನವರಾಗಿ. ಆಮೇಲೆ ಹನ್ನೊಂದು ಹನ್ನೆರಡನೆಯ ಶತಮಾನದ ಸಂಧಿಯಲ್ಲಿ ರಾಮಾನುಜರು ಚೋಳ ಅರಸನ ಕಾಟಕ್ಕೆ ಶ್ರೀರಂಗ ಬಿಟ್ಟು ಬಂದರು. ದಾರಿಯಲ್ಲಿ ಬೇಡರು ಜೇನು ಕೊಟ್ಟು ಸಲಹಿದರೆಂದು ಶ್ರೀವೈಷ್ಣವ ಪರಂಪರೆ ನೆನೆಯುತ್ತದೆ. ಮಿರ್ಲೆ, ಸಾಲಿಗ್ರಾಮಗಳಲ್ಲಿ ನಿಂತು, ತೊಂಡನೂರು, ಮೇಲುಕೋಟೆಗೆ ಹೋದರು. ಸಾಲಿಗ್ರಾಮದ ಶ್ರೀಪಾದ ತೀರ್ಥದ ಕೊಳಕ್ಕೆ ಚಿಕ್ಕಂದಿನಲ್ಲಿ ನಾವೂ ಹೋಗುತ್ತಿದ್ದೆವು.

ಆದರೆ ಆ ಕಥೆಯ ಮುಂದಿನ ಭಾಗವನ್ನು ನಮ್ಮ ಮನೆಯಲ್ಲಿ ಅಷ್ಟು ಸಂತೋಷದಿಂದ ಹೇಳುತ್ತಿರಲಿಲ್ಲ. ಜೈನನಾಗಿದ್ದ ಬಿಟ್ಟಿದೇವ ವಿಷ್ಣುವರ್ಧನನಾದ, ವಾದದಲ್ಲಿ ಜೈನರು ಸೋತರು ಎನ್ನುತ್ತದೆ ಅದು. ಇದರಲ್ಲಿ ಚರಿತ್ರೆ ಎಷ್ಟು, ನಂಬಿಕೆ ಎಷ್ಟು ಎಂಬುದನ್ನು ವಿದ್ವಾಂಸರಿಗೆ ಬಿಡುತ್ತೇನೆ. ಆಶ್ರಯ ಕೇಳಿ ಬಂದವನು ಆಶ್ರಯ ಕೊಟ್ಟವನನ್ನೇ ಬದಲಿಸಬಹುದು ಎಂಬುದಂತೂ ನಿಜ. ಅಪ್ಪಣೆ ಕೊಡುವವರ ಮನಸ್ಸಿನ ಭಯ ಪೊಳ್ಳಲ್ಲ ಎಂದು ನಾನು ಇದರಿಂದ ತಿಳಿದೆ. ಹೊರಗಿನವರು ಬಂದರೆ ದೇವರು ಬದಲಾಗುತ್ತಾರೆ, ಮಾತು ಬದಲಾಗುತ್ತದೆ, ಜಮೀನಿನ ಬೆಲೆ ಬದಲಾಗುತ್ತದೆ. ಅದೇ ರಾಮಾನುಜರ ಬರವಿನಿಂದ ಮೇಲುಕೋಟೆಯಲ್ಲಿ ಆದದ್ದನ್ನು, ಕುಲವಿಲ್ಲದವರೆಂದು ದೂರವಿಟ್ಟಿದ್ದವರಿಗೆ ಗುಡಿಯ ಬಾಗಿಲು ವರ್ಷದಲ್ಲಿ ಕೆಲವು ದಿನಗಳಾದರೂ ತೆರೆಯಿತು ಎಂಬ ನೆನಪನ್ನು, ನಾನು ಜೈನಳಾಗಿಯೂ ಕೈಮುಗಿದು ಒಪ್ಪುತ್ತೇನೆ. ಬರುವವನನ್ನು ತಡೆದಿದ್ದರೆ ಅದೂ ಆಗುತ್ತಿರಲಿಲ್ಲ.

ನಮ್ಮ ಕಾಲದಲ್ಲಿ ಈ ಪರೀಕ್ಷೆ ಪಿರಿಯಾಪಟ್ಟಣ ತಾಲ್ಲೂಕಿಗೆ ಬಂತು. 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಬಂದ ಮೇಲೆ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲ ಕೊಟ್ಟಿತು. 1960ರ ಕೊನೆಯಿಂದ ಜನ ಬರತೊಡಗಿದರು. ಹಿಮದ ನಾಡಿನವರು ಇಲ್ಲಿನ ಸೆಕೆಯಲ್ಲಿ ಮರ ಕಡಿದು, ಆನೆ ಅಟ್ಟಿ, ಮುಸುಕಿನ ಜೋಳ ಬೆಳೆದರು. 1963ರಲ್ಲಿ ಪೆನೋರ್ ರಿಂಪೋಚೆ ನಾಮ್‌ಡ್ರೋಲಿಂಗ್ ಮಠ ಕಟ್ಟಿದರು, 1970ರ ಹೊತ್ತಿಗೆ ಸೆರಾ ಮಠ ಮತ್ತೆ ತಲೆಯೆತ್ತಿತು. 1972ರಲ್ಲಿ ಹುಣಸೂರಿನ ಗುರುಪುರದಲ್ಲೂ ಇನ್ನೊಂದು ಕ್ಯಾಂಪು ಆಯಿತು. ಈಗ ಅಲ್ಲಿ ಹುಟ್ಟಿ ಮುದುಕರಾದವರಿದ್ದಾರೆ. ಅವರ ಕೈಯಲ್ಲಿ ಇರುವುದು ಆರ್‌ಸಿ ಪುಸ್ತಕ, ವಿದೇಶಿಯರ ನೋಂದಣಿ ಪತ್ರ. ಬಹಳ ಕಾಲದಿಂದ ಇರುವವರಿಗೆ ಐದು ವರ್ಷಕ್ಕೊಮ್ಮೆ ಅದರ ನವೀಕರಣ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂದು ಕಾನೂನು ಹೇಳುತ್ತಿದ್ದರೂ ಟಿಬೆಟಿಯನ್ನರಿಗೆ ಅದನ್ನು ದಕ್ಕಿಸಿಕೊಳ್ಳಲು ಕೋರ್ಟು ಹತ್ತಬೇಕಾಯಿತು. 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಅವರ ಪರವಾಗಿ ಹೇಳಿದವು. ಆ ದಿನಾಂಕದ ಆಚೆ ಹುಟ್ಟಿದವರಿಗೆ ಆ ದಾರಿಯೂ ಇಲ್ಲ. ಟಿಬೆಟಿಯನ್ನರು ಯಾವ ಕೆಲಸವನ್ನಾದರೂ ಮಾಡಬಹುದು, ವ್ಯಾಪಾರದ ಲೈಸೆನ್ಸ್ ಪಡೆಯಬಹುದು ಎಂದು ಕೇಂದ್ರದ ಟಿಬೆಟ್ ಪುನರ್ವಸತಿ ನೀತಿ ಸ್ಪಷ್ಟವಾಗಿ ಬರೆದದ್ದು 2014ರಲ್ಲಿ, ಮೊದಲ ಕೊಡಲಿ ಮರಕ್ಕೆ ಬಿದ್ದು ಅರ್ಧ ಶತಮಾನ ಕಳೆದ ಮೇಲೆ.

ನನ್ನ ಕೈಕೆಳಗೆ ಬರುವ ವಿದೇಶಿ ಸ್ವಯಂಸೇವಕರು ಬೈಲಕುಪ್ಪೆಯ ಒಳಗೆ ರಾತ್ರಿ ತಂಗಬೇಕಾದರೆ ದೆಹಲಿಯ ಗೃಹ ಸಚಿವಾಲಯದಿಂದ ಬೇರೆಯೇ ಪರ್ಮಿಟ್ ಬೇಕು. ಹಗಲು ನೋಡಿಕೊಂಡು ಬಂದು ಕುಶಾಲನಗರದಲ್ಲಿ ಮಲಗುವುದು ಸಾಮಾನ್ಯ. ಕ್ಯಾಂಪಿನ ನನ್ನ ಗೆಳತಿಯೊಬ್ಬರು, ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರು ತಿರುಗುವ ಮನೆತನದವರು, ನನ್ನ ಜೊತೆ ಕನ್ನಡದಲ್ಲೇ ಮಾತನಾಡುತ್ತಾರೆ. ಅವರ ಮನೆಗೆ ಒಬ್ಬಳು ಅಮೆರಿಕದ ಹುಡುಗಿ ಬಂದಾಗ, ಇವಳು ಇಲ್ಲಿ ಇರಲು ಅಪ್ಪಣೆ ಕೇಳಬೇಕು, ನಾನೂ ಇಲ್ಲಿ ಇರಲು ಅಪ್ಪಣೆ ಕೇಳಬೇಕು, ಆದರೆ ಇವಳಿಗೆ ಹಿಂದಿರುಗಲು ಮನೆ ಇದೆಯಲ್ಲಕ್ಕಾ ಎಂದರು. ಪರೋಪರೋಧ ಎಂದರೆ ಏನೆಂದು ಪಂಡಿತರಿಂದ ಕೇಳಿದ್ದಕ್ಕಿಂತ ಹೆಚ್ಚು ಅಂದು ಅವರಿಂದ ತಿಳಿಯಿತು.

ನಮ್ಮವರೂ ಹೊರಗೆ ಹೋಗಿ ಇದೇ ಜಾಗದಲ್ಲಿ ನಿಲ್ಲುತ್ತಾರೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದವರು ತಲೆಗೂದಲಿನ ಎಣ್ಣೆ, ಗಿಡಮೂಲಿಕೆ ಹೊತ್ತು ಆಫ್ರಿಕಾದ ದೇಶಗಳಿಗೆ ಹೋಗುತ್ತಾರೆ. ಭಾಷೆ ಬಾರದ ಊರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಬೀದಿ ಸುತ್ತಿ ಮಾರುತ್ತಾರೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ನೀರು, ಅನ್ನ ಇಲ್ಲದೆ ಸಿಕ್ಕಿಬಿದ್ದರು. ಆಪರೇಷನ್ ಕಾವೇರಿ ಎಂಬ ಹೆಸರಿನಲ್ಲಿ ಕೇಂದ್ರ ಸರ್ಕಾರ ಭಾರತೀಯರನ್ನು ಕರೆತಂದಿತು. ಆ ದಿನಗಳಲ್ಲಿ ಹುಣಸೂರಿನ ಚಹದ ಅಂಗಡಿಗಳಲ್ಲಿ ಕೆಲವರು, ಅಲ್ಲಿಗೇಕೆ ಹೋಗಬೇಕಿತ್ತು ಇವರು ಎಂದರು. ನನಗೆ ಬಹಳ ನೋವಾಯಿತು. ಕಾಡಿನಲ್ಲಿ ಬೇಟೆ ನಿಂತ ಮೇಲೆ, ಹೊಲವಿಲ್ಲದ ಮೇಲೆ, ಮನುಷ್ಯ ತನ್ನ ಕೈಕೆಲಸ ಕೊಳ್ಳುವ ಊರು ಎಲ್ಲಿದೆಯೋ ಅಲ್ಲಿಗೆ ಹೋಗುತ್ತಾನೆ. ಸುಡಾನಿನ ಯಾವುದೋ ಮನೆಯ ಯಜಮಾನ ಅವರಿಗೆ ಕೋಣೆ ಕೊಟ್ಟದ್ದರಿಂದಲೇ ಅವರು ಅಲ್ಲಿ ಅಷ್ಟು ದಿನ ಬದುಕಿದ್ದು.

ವಿನಿಮಯ ಎಂದು ಹೆಸರಿಟ್ಟ ಮೇಲೆ ಎರಡೂ ಕಡೆಗೆ ದಾರಿ ಇರಬೇಕು. ಜರ್ಮನಿಯ ಯೋಜನೆ 2013ರಿಂದೀಚೆಗೆ ಇಲ್ಲಿನ ಯುವಕರನ್ನೂ ಅಲ್ಲಿಗೆ ಕರೆಸಿಕೊಳ್ಳುತ್ತಿದೆ ಎಂಬುದು ಸಮಾಧಾನದ ಸಂಗತಿ. ಆದರೆ ನನ್ನ ಮೇಜಿನ ಮೇಲಿನ ಲೆಕ್ಕ ಸಮವಾಗಿಲ್ಲ. ಬರುವವರ ಫೈಲುಗಳು ದಪ್ಪ, ಹೋಗುವವರದು ತೆಳ್ಳಗೆ. ಕೆ.ಆರ್. ನಗರದ ಬಡ ರೈತನ ಮಗಳಿಗೆ ಅಲ್ಲಿನ ರಾಯಭಾರ ಕಚೇರಿಯಲ್ಲಿ ಕೇಳುವ ಮೊದಲ ಪ್ರಶ್ನೆ ನೀನು ತಿರುಗಿ ಬರುತ್ತೀ ಎಂಬುದಕ್ಕೆ ಏನು ಖಾತ್ರಿ ಎಂದು. ಅಲ್ಲಿಂದ ಬರುವ ಹುಡುಗಿಗೆ ನಾವು ಅದನ್ನು ಕೇಳುವುದೇ ಇಲ್ಲ.

ಹಾಗಾದರೆ ಹಾಡಿಯ ಯಜಮಾನ ಜೋಲಿಯನ್ನು ಹಿಡಿದು ನಿಲ್ಲಿಸಿದ್ದೂ ತಡೆಯುವುದೇ ಅಲ್ಲವೇ, ಅದು ಅಧರ್ಮವಲ್ಲವೇ ಎಂದು ನನ್ನ ಸಹೋದ್ಯೋಗಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ನನ್ನ ತೀರ್ಮಾನ ಇದು. ಬೇಡ ಎನ್ನುವವನ ಹತ್ತಿರ ಏನಿದೆ, ಬರುವವನಿಗೆ ಬೇರೆ ಎಲ್ಲಿ ಜಾಗವಿದೆ ಎಂಬುದನ್ನು ನೋಡದೆ ಬೇಡ ಎಂಬ ಮಾತನ್ನು ತೂಗಲಾಗದು. ಹಾಡಿಯವರಿಗೆ ಉಳಿದಿರುವುದು ಹತ್ತಿಪ್ಪತ್ತು ಮನೆ, ತಮ್ಮ ಮಕ್ಕಳ ಮೈ. ಬಂದ ವಿದ್ಯಾರ್ಥಿಗೆ ಇಡೀ ಜಗತ್ತೇ ತೆರೆದಿದೆ. ಅಲ್ಲಿ ಬೇಡ ಎಂದರೆ ಯಾರ ಬದುಕಿಗೂ ಅಡ್ಡಗಟ್ಟಿದಂತಾಗುವುದಿಲ್ಲ. ದೊಡ್ಡ ದೇಶವೊಂದು ತನ್ನ ನೆಲದಲ್ಲೇ ಹುಟ್ಟಿ, ತನ್ನ ನೆಲವನ್ನೇ ಉತ್ತವರಿಗೆ ಐದೈದು ವರ್ಷದ ಮುದ್ರೆ ಹಾಕುತ್ತಾ ಕೂತರೆ ಅದು ಅಡ್ಡಗಟ್ಟುವುದು. ನನ್ನ ಕೈಯಲ್ಲಿದ್ದರೆ ಆ ಐದು ವರ್ಷದ ಮುದ್ರೆಯನ್ನು ಇಂದೇ ನಿಲ್ಲಿಸುತ್ತಿದ್ದೆ, ಹಾಡಿಯವರ ಅಪ್ಪಣೆಗೆ ಒಂದು ಫಾರಂ ಮಾಡುತ್ತಿದ್ದೆ.

ಮುದ್ರೆ ನನ್ನ ಕೈಯಲ್ಲಿಲ್ಲ. ಫಾರಂ ಮಾತ್ರ ಒಂದು ರೀತಿಯಲ್ಲಿ ಮಾಡಿದ್ದೇವೆ. ಈಗ ಯಾವ ಸ್ವಯಂಸೇವಕರಿಗೂ ಆಹ್ವಾನ ಪತ್ರ ಕಳಿಸುವ ಮೊದಲು ಅವರು ಹೋಗಬೇಕಾದ ಹಾಡಿಯಲ್ಲಿ ಸಭೆ ಸೇರಿಸಿ ಕೇಳುತ್ತೇವೆ. ನಡಾವಳಿ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಅಥವಾ ಸಹಿ ಹಾಕಿಸಿ ಫೈಲಿಗೆ ಸೇರಿಸುತ್ತೇವೆ. ವೀಸಾ ಕಚೇರಿಯವರು ಅದನ್ನು ಕೇಳುವುದಿಲ್ಲ. ನಮಗೆ ಬೇಕು. ಒಂದು ಹಾಡಿಯವರು ಈ ಸಲ ಯಾರೂ ಬೇಡ ಎಂದರು, ಅಲ್ಲಿಗೆ ಯಾರನ್ನೂ ಕಳಿಸಲಿಲ್ಲ. ಇನ್ನೊಂದು ಹಾಡಿಯವರು ತಮ್ಮ ಷರತ್ತುಗಳನ್ನು ಹೇಳಿ ಬರೆಸಿದ್ದಾರೆ: ಗಂಡು ಬೇಡ, ಹೆಣ್ಣುಮಗಳೇ ಬರಲಿ. ಜೇನಿನ ಕಾಲ ಮುಗಿದ ಮೇಲೆ ಬರಲಿ. ಮಕ್ಕಳ ಫೋಟೋ ತೆಗೆಯಬಾರದು. ನಮ್ಮ ಡಿ.ಎಡ್. ಓದಿದ ಹುಡುಗಿಯ ಜೊತೆಯಲ್ಲೇ ಕೂತು ಪಾಠ ಮಾಡಬೇಕು, ಆ ಹುಡುಗಿಗೂ ಅಷ್ಟೇ ದುಡ್ಡು ಕೊಡಬೇಕು. ಗುಡಿಯ ಹತ್ತಿರ ಚಪ್ಪಲಿ ಬಿಡಬೇಕು. ಹೋಗುವಾಗ ಹೇಳಿ ಹೋಗಬೇಕು.